ರೋಗಿಗಳು ‘ಚೆನ್ನಾಗಿದೆ’ ಅಂದರೆ ಸಾಕೇ?

ಪ್ರಶ್ನೆ: ಸರ್ಕಾರಿ ಆಸ್ಪತ್ರೆಯೊಂದರ ಸಲಹಾ ಸಮಿತಿಗೆ ಹೊಸದಾಗಿ ಸೇರಿದ್ದೇನೆ. ಸೇವೆ ಹೇಗಿದೆ ಅಂತ ತಿಳಿಯಲು ಡಿಸ್ಚಾರ್ಜ್ ಆಗುವ ರೋಗಿಗಳಿಗೆ ಫಾರ್ಮ್ ಕೊಟ್ಟೆವು. ಹೆಚ್ಚುಕಡಿಮೆ ಎಲ್ಲರೂ ‘ತುಂಬಾ ಚೆನ್ನಾಗಿದೆ’ ಅಂತ ಗುರುತು ಹಾಕಿದ್ದಾರೆ. ವಾರ್ಡಿನಲ್ಲಿ ನಾನು ಕಂಡದ್ದು ಮಾತ್ರ ಹಾಗಿಲ್ಲ. ಗುಣಮಟ್ಟವನ್ನು ಸರಿಯಾಗಿ ಅಳೆಯುವುದು ಹೇಗೆ?

ಉತ್ತರ: ನಿಮ್ಮ ಅನುಮಾನ ಸರಿಯಾಗಿಯೇ ಇದೆ. ಫಾರ್ಮಿಗಿಂತ ನಿಮ್ಮ ಕಣ್ಣನ್ನೇ ಜಾಸ್ತಿ ನಂಬಿ.

ಆ ಫಾರ್ಮನ್ನು ಯಾರ ಕೈಯಿಂದ ಕೊಡಿಸಿದಿರಿ? ಡ್ಯೂಟಿಯಲ್ಲಿದ್ದವರೇ ಕೊಟ್ಟು ಎದುರಿಗೆ ನಿಂತಿದ್ದರೆ ರೋಗಿ ಇನ್ನೇನು ಬರೆದಾರು? ನಾಳೆ ಮತ್ತೆ ಅಲ್ಲಿಗೇ ಬರಬೇಕು, ಅಲ್ವಾ? ಜೀವ ಉಳಿಯಿತಲ್ಲ ಅನ್ನುವ ಋಣವೂ ಇರುತ್ತದೆ. ಅದಕ್ಕೇ ಅಭಿಪ್ರಾಯ ಕೇಳಬೇಡಿ, ಏನು ನಡೆಯಿತು ಅಂತ ಕೇಳಿ. ಡಾಕ್ಟರನ್ನು ನೋಡುವ ಮೊದಲು ಎಷ್ಟು ಹೊತ್ತು ಕಾದಿರಿ? ಈ ಮಾತ್ರೆ ಯಾಕೆ, ಎಷ್ಟು ದಿನ ಅಂತ ಯಾರಾದರೂ ಹೇಳಿದರಾ? ಯಾವುದಾದರೂ ಔಷಧಿಯನ್ನು ಹೊರಗಿನಿಂದ ತರಿಸಿದರಾ? ರೋಗಿ ಮನೆಗೆ ಹೋಗಿ ಎರಡು ವಾರವಾದ ಮೇಲೆ, ಆಸ್ಪತ್ರೆಗೆ ಸಂಬಂಧವಿಲ್ಲದವರಿಂದ ಕೇಳಿಸಿದರೆ ಇನ್ನೂ ಒಳ್ಳೆಯದು.

1966ರಲ್ಲಿ ಆವೆಡಿಸ್ ಡೊನಾಬೆಡಿಯನ್ ಎಂಬ ವೈದ್ಯರು ಹಾಕಿಕೊಟ್ಟ ದಾರಿ ಇವತ್ತಿಗೂ ಬಳಕೆಯಲ್ಲಿದೆ. ಆಸ್ಪತ್ರೆಯಲ್ಲಿ ಏನಿದೆ, ಅಲ್ಲಿ ಏನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು, ಈ ಮೂರನ್ನೂ ನೋಡಬೇಕು ಅಂದರು ಅವರು. ತಪಾಸಣೆಗೆ ಬರುವವರು ಎಷ್ಟೋ ಸಲ ಹಾಸಿಗೆ, ಯಂತ್ರ, ಸಿಬ್ಬಂದಿ ಎಣಿಸಿಕೊಂಡು ಹೊರಟುಬಿಡುತ್ತಾರೆ. ಅದು ಸುಲಭ. ನೀವು ಎರಡನೆಯದರ ಮೇಲೆ ಜಾಸ್ತಿ ಹೊತ್ತು ಕಳೆಯಿರಿ. ಕಾರಣವಿದೆ. 2018ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗವೊಂದು ಬಡ ಮತ್ತು ಮಧ್ಯಮ ಆದಾಯದ ದೇಶಗಳ ಲೆಕ್ಕ ಹಾಕಿತು. ಚಿಕಿತ್ಸೆಗೆ ಹೋಗದೆ, ಉಳಿಸಬಹುದಾಗಿದ್ದ ಸುಮಾರು 36 ಲಕ್ಷ ಜೀವಗಳು ವರ್ಷಕ್ಕೆ ಹೋಗುತ್ತಿದ್ದವು. ಚಿಕಿತ್ಸೆಗೆ ಬಂದೂ, ಅದು ಕಳಪೆಯಾಗಿದ್ದಕ್ಕೆ ಹೋದ ಜೀವಗಳು ಸುಮಾರು 50 ಲಕ್ಷ. ಬಾಗಿಲವರೆಗೆ ಬಂದವರು ಇವರು.

ವಾರ್ಡಿನ ಸಿಂಕ್ ಹತ್ತಿರ ಹೋಗಿ. ನಲ್ಲಿ ಇದೆ, ನೀರೂ ಬರುತ್ತಿದೆ. ಸೋಪನ್ನು ಮುಟ್ಟಿ ನೋಡಿ. ಅದು ಒಣಗಿ ಬಿರುಕು ಬಿಟ್ಟಿದ್ದು, ಪಕ್ಕದ ಸ್ಯಾನಿಟೈಸರ್ ಬಾಟಲಿಯೂ ಖಾಲಿಯಿದ್ದರೆ ಬೇರೆ ಸಾಕ್ಷಿ ಬೇಡ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್ವೈಸ್ ಎಂಬ ವೈದ್ಯರು ಅಲ್ಲಿನ ಡಾಕ್ಟರುಗಳಿಗೆಲ್ಲ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿದರು. ಬಾಣಂತಿಯರ ಸಾವು ಸರ್ರನೆ ಇಳಿಯಿತು. ಹೊಸ ಕಟ್ಟಡವನ್ನೇನೂ ಕಟ್ಟಿರಲಿಲ್ಲ.

ಆಮೇಲೆ ಕೇಸ್ ಶೀಟ್ ತೆಗೆಸಿ. ಒಂದು ವಾರ್ಡಿನಲ್ಲಿ ನಾನು ನೋಡಿದ್ದು ಇನ್ನೂ ಮರೆತಿಲ್ಲ. ಇಪ್ಪತ್ತು ಹಾಸಿಗೆ. ಬೆಳಗ್ಗೆ 6 ಗಂಟೆಯ ಬಿಪಿ ಎಲ್ಲರದೂ 120/80. ಒಂದೇ ಪೆನ್ನು, ಒಂದೇ ಕೈಬರಹ. ಸಿಟ್ಟು ಬಂತು. ವಿಚಾರಿಸಿದರೆ, ರಾತ್ರಿ ಪಾಳಿಗೆ ಅಷ್ಟೂ ಜನಕ್ಕೆ ಒಬ್ಬರೇ ಸಿಸ್ಟರ್. ಬಿಪಿ ಯಂತ್ರ ಕೆಟ್ಟು ಒಂದು ತಿಂಗಳಾಗಿತ್ತು. ರಿಪೇರಿಗೆ ಅಂತ ಆಕೆ ಬರೆದ ಪತ್ರ ಯಾರದೋ ಮೇಜಿನ ಮೇಲಿತ್ತು. ಆಕೆಯ ಮೇಲೆ ವರದಿ ಬರೆದಿದ್ದರೆ ಶಿಕ್ಷೆ ಆಗುತ್ತಿತ್ತು, ಯಂತ್ರ ಮಾತ್ರ ಹಾಗೇ ಇರುತ್ತಿತ್ತು. ಬರೀ ತಪ್ಪು ಹಿಡಿಯಲು ಹೊರಟರೆ ಮುಂದಿನ ಸಲ ನಿಮಗೆ ಯಾರೂ ನಿಜ ಹೇಳುವುದಿಲ್ಲ.

ತುರ್ತು ವಿಭಾಗದ ಬಾಗಿಲ ಹತ್ತಿರ ಗಡಿಯಾರ ಇಟ್ಟುಕೊಂಡು ಕೂರಿ. ಒಂದು ಹಗಲು, ಒಂದು ರಾತ್ರಿ, ಒಂದು ರಜಾದಿನ. ರೋಗಿ ಬಂದ ಹೊತ್ತು, ಡಾಕ್ಟರ್ ಮುಟ್ಟಿ ನೋಡಿದ ಹೊತ್ತು, ಮೊದಲ ಔಷಧಿ ಕೊಟ್ಟ ಹೊತ್ತು ಬರೆದುಕೊಳ್ಳಿ. ಸರಾಸರಿಯಲ್ಲಿ ಸಮಾಧಾನ ಪಡಬೇಡಿ. ಎಲ್ಲರಿಗಿಂತ ಜಾಸ್ತಿ ಕಾದವರು ಯಾರು? ಓದಲು ಬಾರದವರಾ, ಜೊತೆಗೆ ಯಾರೂ ಇಲ್ಲದ ವಯಸ್ಸಾದವರಾ? ಕಾದು ಕಾದು ವಾಪಸ್ ಹೋದವರನ್ನೂ ಎಣಿಸಿ. ನಿಮ್ಮ ಫಾರ್ಮ್ ಅವರ ಕೈಗೆ ಸಿಗುವುದೇ ಇಲ್ಲ.

ಸಾವಿನ ಲೆಕ್ಕದ ಬಗ್ಗೆ ಒಂದು ಎಚ್ಚರ. ಬೇರೆ ಕಡೆ ಕೈಬಿಟ್ಟ ಕೇಸುಗಳು ದೊಡ್ಡ ಸರ್ಕಾರಿ ಆಸ್ಪತ್ರೆಗೇ ಬರುತ್ತವೆ. ಅಲ್ಲಿ ಸಾವು ಜಾಸ್ತಿ ಇದ್ದ ಮಾತ್ರಕ್ಕೆ ಚಿಕಿತ್ಸೆ ಕೆಟ್ಟದ್ದು ಅನ್ನಲಾಗದು. ರೋಗಿ ಬಂದಾಗ ಯಾವ ಸ್ಥಿತಿಯಲ್ಲಿದ್ದರು ಅಂತ ಸೇರಿಸಿಯೇ ಹೋಲಿಸಬೇಕು. ಶುರುವಿಗೆ, ಆಪರೇಷನ್ ಆದ ಗಾಯ ಎಷ್ಟು ಜನಕ್ಕೆ ಕೀವಾಯಿತು, ಎಷ್ಟು ಜನ ತಿಂಗಳೊಳಗೆ ಮತ್ತೆ ದಾಖಲಾದರು ಅನ್ನುವುದನ್ನು ನೋಡಿ.

ಸಿಕ್ಕಿದ್ದನ್ನೆಲ್ಲ ಸಮಿತಿಯ ಸಭೆಗಿಂತ ಮೊದಲು ವಾರ್ಡಿನವರ ಮುಂದೆ ಇಡಿ. ಯಾಕೆ ಹೀಗಾಗುತ್ತಿದೆ ಅಂತ ಅವರಿಗೆ ಗೊತ್ತಿರುತ್ತದೆ, ಕೇಳಿದವರಿರುವುದಿಲ್ಲ. ಮೂರು ತಿಂಗಳು ಬಿಟ್ಟು ಅದೇ ಸಿಂಕ್, ಅದೇ ಕೇಸ್ ಶೀಟ್, ಅದೇ ಬಾಗಿಲಿಗೆ ಮತ್ತೆ ಹೋಗಿ. ಏನು ಕಂಡಿತು ಅಂತ ನನಗೂ ಬರೆಯಿರಿ.