ಹಳೇ ಮೆಟ್ಟಿಲು ಲೈಟಿನ ಟೈಮರ್: ರಿಪೇರಿಯೋ, ಹೊಸದೋ, ಸೆನ್ಸರ್ ಬಲ್ಬೋ?

ಒಮ್ಮೆ ಒತ್ತಿದರೆ ರಾತ್ರಿಯಿಡೀ ಆರದ ಲೈಟು, ಮರುದಿನ ಎಷ್ಟು ಒತ್ತಿದರೂ ಹತ್ತದ ಲೈಟು. ಒತ್ತಿದರೆ ಕೆಲವು ನಿಮಿಷ ಉರಿದು ತಾನೇ ಆರಬೇಕಾದ ಮೆಟ್ಟಿಲು ಲೈಟಿನ ಟೈಮರ್ ಕೆಟ್ಟಿದೆ, ರಿಪೇರಿ ಮಾಡಿಸಲೋ, ಹೊಸದು ತರಲೋ, ಸೆನ್ಸರ್ ಬಲ್ಬ್ ಹಾಕಲೋ ಎಂದು ರಾಯಚೂರಿನಿಂದ ನೀವು ಕೇಳಿದ್ದೀರಿ. ಅದನ್ನು ಓದಿದರೆ ಬಳ್ಳಾರಿಯ ನಮ್ಮ ನಾಲ್ಕಂತಸ್ತಿನ ಕಟ್ಟಡದ್ದೇ ಕಥೆ. ನೀವು ಕೇಳಿ ಕೈ ಹಾಕುತ್ತಿದ್ದೀರಿ, ನಾನು ಕೇಳದೇ ಹಾಕಿದೆ. ಮೆಟ್ಟಿಲ ಪೈಪಿನೊಳಗಿನ ವೈರೆಲ್ಲ ಸುಟ್ಟು, ಕೆಳಗಿನಿಂದ ತಾರಸಿವರೆಗೆ ಹೊಸದಾಗಿ ಎಳೆಸಬೇಕಾಯಿತು.

ತಪ್ಪಿದ್ದು ಟೈಮರಿನ ಆಯ್ಕೆಯಲ್ಲಲ್ಲ. ಬಟನ್ ಇದ್ದಮೇಲೆ ಅದಕ್ಕೆ ಫೇಸೇ (ಕರೆಂಟ್ ತರುವ ವೈರ್; ವಾಪಸ್ ಹೋಗುವುದು ನ್ಯೂಟ್ರಲ್) ಬಂದಿರುತ್ತದೆ ಎಂದುಕೊಂಡೆನಲ್ಲ, ಅಲ್ಲಿ. ಹಳೇ ಕಟ್ಟಡಗಳಲ್ಲಿ ಎರಡು ರೀತಿಯ ವೈರಿಂಗ್ ಇರುತ್ತದೆ. ನಾಲ್ಕು ವೈರಿನದ್ದಾದರೆ ಮೇಲಕ್ಕೆ ಫೇಸ್, ನ್ಯೂಟ್ರಲ್, ಬಟನ್ ವೈರ್, ಲೈಟಿನ ವೈರ್ ಹೋಗುತ್ತವೆ. ಬಟನ್ ಒತ್ತಿದಾಗ ಟೈಮರಿಗೆ ಫೇಸ್ ಬರುತ್ತದೆ. ಮೂರು ವೈರಿನದ್ದಾದರೆ ಫೇಸ್ ಕೆಳಗೆ ಟೈಮರ್ ಹತ್ತಿರವೇ ನಿಲ್ಲುತ್ತದೆ. ಲೈಟಿಗೆ ಹೋದ ನ್ಯೂಟ್ರಲ್ಲೇ ಬಟನ್ನಿಗೂ ಹೋಗಿ, ಒತ್ತಿದಾಗ ಟೈಮರಿಗೆ ನ್ಯೂಟ್ರಲ್ ಬರುತ್ತದೆ. ಅಂತಸ್ತಿಗೊಂದು ವೈರ್ ಉಳಿಯುತ್ತದಲ್ಲ, ಅದಕ್ಕೇ ಹಾಗೆ ಮಾಡುತ್ತಿದ್ದರು.

ನಮ್ಮದು ಮೂರು ವೈರಿನದ್ದು. ಹೊಸ ಟೈಮರಿನ ಪಕ್ಕದಲ್ಲಿ 3 ಮತ್ತು 4 ಎಂದು ಬರೆದ ಸಣ್ಣ ಸ್ವಿಚ್ ಇತ್ತು. ಅದು 4ರಲ್ಲೇ ಇತ್ತು, ನಾನು ನೋಡಲಿಲ್ಲ. ಬಟನ್ ಒತ್ತಿದರೆ ಸದ್ದೇ ಇಲ್ಲ. ಆಗಲೇಬೇಕಾದದ್ದೇ ಅದು: 4ರಲ್ಲಿದ್ದಾಗ ಟೈಮರಿನ ಬಟನ್ ಟರ್ಮಿನಲ್ಲಿಗೆ ಫೇಸ್ ಬೇಕು, ಒಳಗೆ ಅದರ ಇನ್ನೊಂದು ತುದಿ ನ್ಯೂಟ್ರಲ್ಲಿಗೆ ಸೇರಿರುತ್ತದೆ. ಬಟನ್ನೂ ನ್ಯೂಟ್ರಲ್ಲನ್ನೇ ತಂದರೆ ಎರಡೂ ಕಡೆ ನ್ಯೂಟ್ರಲ್, ರಿಲೇ (ಕಾಯಿಲಿಗೆ ಕರೆಂಟ್ ಬಂದಾಗ ಲೈಟ್ ಹತ್ತಿಸುವ ಒಳಗಿನ ಸ್ವಿಚ್) ಎಳೆಯುವುದೆಲ್ಲಿಂದ? ನಾನು ಟೆಸ್ಟರ್ ಹಿಡಿದು ಎರಡನೇ ಮಹಡಿಗೆ ಹೋದೆ. ಬಟನ್ನಿನ ಎರಡು ಸ್ಕ್ರೂಗಳಲ್ಲಿ ಒಂದಕ್ಕೂ ಟೆಸ್ಟರ್ ಹತ್ತಲಿಲ್ಲ. ‘ಫೇಸೇ ಬರುತ್ತಿಲ್ಲ, ಎಲ್ಲೋ ವೈರ್ ಕಟ್ ಆಗಿದೆ’ ಎಂದು ತೀರ್ಮಾನಿಸಿ, ಅಲ್ಲೇ ಇದ್ದ ಕಾಮನ್ ಪ್ಲಗ್ಗಿನಿಂದ ಒಂದು ಸ್ಕ್ರೂಗೆ ಫೇಸ್ ಕೊಟ್ಟೆ. ಲೈಟ್ ಹತ್ತಿತು! ಬೋರ್ಡ್ ಮುಚ್ಚಿ ಕೆಳಗಿಳಿದೆ.

ನಾನು ಫೇಸ್ ಕೊಟ್ಟ ಸ್ಕ್ರೂ ಟೈಮರಿನ ಬಟನ್ ಟರ್ಮಿನಲ್ಲಿಗೆ ಹೋಗುವಂಥದ್ದು. ಇನ್ನೊಂದು ಸ್ಕ್ರೂನಲ್ಲಿ ನ್ಯೂಟ್ರಲ್. ಅಂದರೆ ಬಟನ್ನಿನ ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್, ನಡುವೆ ಬಲ್ಬೂ ಇಲ್ಲ, ಕಾಯಿಲೂ ಇಲ್ಲ. ಎಲ್ಲ ಮಹಡಿಗಳ ಬಟನ್ನುಗಳೂ ಪ್ಯಾರಲಲ್‌ನಲ್ಲಿ, ಅಂದರೆ ಒಂದೇ ಜೋಡಿ ವೈರಿಗೆ ಸೇರಿ ಇರುವುದರಿಂದ ಯಾವುದನ್ನು ಒತ್ತಿದರೂ ನೇರ ಶಾರ್ಟ್. ಸಂಜೆ ಮೊದಲು ಒತ್ತಿದವರ ಕೈಯಲ್ಲೇ ಢಂ ಎಂದಿತು. ಫ್ಯೂಸ್ ಹೋಗಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. 5 ಆಂಪಿನ ಕಿಟ್‌ಕ್ಯಾಟಿಗೆ (ತಂತಿ ಸುತ್ತುವ ಹಳೇ ಪಿಂಗಾಣಿ ಫ್ಯೂಸಿಗೆ) 0.2 ಮಿ.ಮೀ. ತಂತಿ ಸಾಕು, ನಮ್ಮದರಲ್ಲಿ ಯಾರೋ ವೈರಿನ ಎಳೆಗಳನ್ನೇ ಹೊಸೆದು ಸುತ್ತಿದ್ದರು. ಬಟನ್ನಿನ ಕಾಂಟ್ಯಾಕ್ಟ್ ಬೆಸೆದುಕೊಂಡಿತು, ಫ್ಯೂಸ್ ಹೋಗದೇ ಉಳಿಯಿತು, ವೈರ್ ಬೆಂದಿತು.

ಟೆಸ್ಟರ್ ಫೇಸ್ ಇದ್ದರೆ ಮಾತ್ರ ಹೇಳುತ್ತದೆ. ನ್ಯೂಟ್ರಲ್ ಇರುವ ವೈರೂ ಕಟ್ ಆದ ವೈರೂ ಅದಕ್ಕೆ ಒಂದೇ. ನನಗೆ ಗೊತ್ತಿರಬೇಕಾಗಿದ್ದು ಇಷ್ಟೇ.

ಹಾಗಾಗಿ ನಿಮ್ಮಲ್ಲಿ ಹೀಗೆ ನೋಡಿ. ಕಾಮನ್ ಮೀಟರಿನ ಮೇನ್ ಆಫ್ ಮಾಡಿ, ಆಫ್ ಆದದ್ದನ್ನು ಟೆಸ್ಟರಿನಲ್ಲಲ್ಲ, ಮಲ್ಟಿಮೀಟರಿನಲ್ಲಿ ಖಚಿತ ಮಾಡಿಕೊಳ್ಳಿ. ಟೈಮರಿನ ಫೋಟೋ ತೆಗೆದು, ಪ್ರತಿ ವೈರಿಗೂ ಟೇಪ್ ಸುತ್ತಿ ಟರ್ಮಿನಲ್ ನಂಬರ್ ಬರೆಯಿರಿ. ಸಾಮಾನ್ಯವಾಗಿ ಟರ್ಮಿನಲ್ 3 ಬಟನ್ನಿಗೆ, ಟರ್ಮಿನಲ್ 4 ಲೈಟಿಗೆ (ಸಣ್ಣ ಸ್ವಿಚ್ಚಿನ 3, 4 ಬೇರೆ). ಆದರೆ ಟೈಮರಿನ ಮೈಮೇಲಿನ ಚಿತ್ರವನ್ನೇ ನಂಬಿ. ವೈರುಗಳನ್ನೆಲ್ಲ ಬಿಚ್ಚಿ, ಎಲ್ಲ ಮಹಡಿಯ ಬಲ್ಬುಗಳನ್ನೂ ಕಳಚಿ. ಒಬ್ಬರು ಮೇಲೆ ಬಟನ್ ಒತ್ತಿ ಹಿಡಿಯಲಿ, ನೀವು ಕೆಳಗೆ ಮೀಟರನ್ನು ಬೀಪ್‌ಗೆ ಹಾಕಿ ಬಟನ್ ವೈರನ್ನು ನ್ಯೂಟ್ರಲ್ ಜೊತೆ ನೋಡಿ. ಒತ್ತಿದಾಗ ಬೀಪ್ ಬಂದು ಬಿಟ್ಟಾಗ ನಿಂತರೆ ಮೂರು ವೈರಿನದ್ದು. ಬಾರದಿದ್ದರೆ ಮೇಲಕ್ಕೆ ಹೋಗುವ ಫೇಸ್ ಜೊತೆ ನೋಡಿ. ಅಲ್ಲಿ ಬಂದರೆ ನಾಲ್ಕು ವೈರಿನದ್ದು. ಒತ್ತದೇ ಇದ್ದಾಗಲೂ ಬೀಪ್ ಬರುತ್ತಿದ್ದರೆ ಯಾವುದೋ ಮಹಡಿಯ ಬಟನ್ ಸಿಕ್ಕಿಕೊಂಡಿದೆ.

ನಿಮ್ಮ ರಾತ್ರಿಯಿಡೀ ಆರದ ಲೈಟಿಗೆ ನನ್ನ ಅನುಮಾನವೂ ಆ ಬಟನ್ ಮೇಲೇ. ದೀಪಾವಳಿಗೆ ಗೋಡೆಗೆ ಬಣ್ಣ ಹೊಡೆಯುವವರು ಬಟನ್ ಮೇಲೂ ಬ್ರಷ್ ಎಳೆದಿರುತ್ತಾರೆ. ಒತ್ತಿದ್ದು ಮೇಲೆ ಬರುವುದಿಲ್ಲ. ರಿಪೇರಿ, ಹೊಸದು ಎನ್ನುವ ಮೊದಲು ಟೈಮರಿನ ಮೇಲೆ ‘ಸದಾ ಆನ್’ ಕೊಕ್ಕೆ ಇದ್ದರೆ ಯಾರಾದರೂ ಅದನ್ನು ಸರಿಸಿದ್ದಾರಾ ನೋಡಿ. ಆಮೇಲೆ ಮೇನ್ ಆಫ್ ಮಾಡಿ ಬಟನ್ ವೈರ್ ಒಂದನ್ನೇ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮೇನ್ ಹಾಕಿ. ಲೈಟ್ ಹತ್ತದೇ ಉಳಿದರೆ ಅಥವಾ ಹತ್ತಿ ಸಮಯಕ್ಕೆ ಆರಿದರೆ ಸಮಸ್ಯೆ ಮೇಲಿನ ಬಟನ್ನಿನದು. 6 ಆಂಪಿನ ಬೆಲ್ ಪುಶ್ ಒಂದನ್ನು ಬದಲಿಸಿದರೆ ಆಯಿತು. ಆರದೇ ಉರಿಯುತ್ತಲೇ ಇದ್ದರೆ ಟೈಮರಿನೊಳಗಿನ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಹಳೇ 60 ವ್ಯಾಟ್ ಬಲ್ಬ್ ತೆಗೆದು ಎಲ್‌ಇಡಿ ಹಾಕಿದ ಮೇಲೆ ಇದು ಜಾಸ್ತಿ. ಎಲ್‌ಇಡಿ ಎಳೆಯುವುದು 9 ವ್ಯಾಟೇ ಆದರೂ, ಹತ್ತುವ ಕ್ಷಣದಲ್ಲಿ ಅದರ ಒಳಗಿನ ಕೆಪಾಸಿಟರ್ ಹತ್ತಾರು ಪಟ್ಟು ಕರೆಂಟನ್ನು ಒಮ್ಮೆಲೇ ಎಳೆಯುತ್ತದೆ.

ಒತ್ತಿದರೂ ಹತ್ತದಿರುವುದು, ಅದರಲ್ಲೂ ಸಂಜೆ ವೋಲ್ಟೇಜ್ ಬಿದ್ದಾಗ, ಎಲೆಕ್ಟ್ರಾನಿಕ್ ಟೈಮರಿನಲ್ಲಾದರೆ ಬಹುಪಾಲು ಕೆಪಾಸಿಟರಿನ ಕೆಲಸ. ಒಳಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ಮಾದರಿಗಳಲ್ಲಿ ಚೌಕಾಕಾರದ ಕೆಪಾಸಿಟರ್ ಒಂದಿರುತ್ತದೆ, 0.47 ಮೈಕ್ರೋಫ್ಯಾರಡ್, 275 ವೋಲ್ಟ್ ಸಾಮಾನ್ಯ. ಅದು ಸರಿಯಿದ್ದರೆ ಸುಮಾರು 34 ಮಿಲಿ ಆಂಪ್ ಕೊಡುತ್ತದೆ. ಸವೆದು 0.2ಕ್ಕೆ ಇಳಿದರೆ 14-15 ಅಷ್ಟೇ, ರಿಲೇ ಟಕಟಕ ಎನ್ನುತ್ತದೆ, ಹಿಡಿಯುವುದಿಲ್ಲ. ಅದೇ ಅಳತೆಯ, ಮೇಲೆ ‘ಎಕ್ಸ್2’ ಎಂದು ಬರೆದದ್ದನ್ನೇ ಹಾಕಬೇಕು. ಪಕ್ಕದ ಉರುಟು ಕೆಪಾಸಿಟರನ್ನೂ 105 ಡಿಗ್ರಿಯದ್ದಕ್ಕೆ ಬದಲಿಸಿ; ನಮ್ಮ ಕಡೆ ಬೇಸಿಗೆಯಲ್ಲಿ ಮುಚ್ಚಿದ ಬೋರ್ಡಿನೊಳಗೆ 85 ಡಿಗ್ರಿಯದ್ದು ಬೇಗ ಒಣಗುತ್ತದೆ. ಟೈಮರಿನೊಳಗಿನ ಸರ್ಕ್ಯೂಟಿನ ಪ್ರತಿ ಬಿಂದುವಿನಲ್ಲೂ ಮೇನಿನ ಫೇಸ್ ಇರಬಹುದು, ಕರೆಂಟ್ ಇರುವಾಗ ಮುಟ್ಟಬೇಡಿ. ಬೆಸುಗೆ ಹಾಕಲು ಬರುವವರು ಇದ್ದರೆ ಮಾತ್ರ ಈ ರಿಪೇರಿ. ಗಾಳಿ ಒತ್ತಿ ನಿಧಾನ ಬಿಡುವ ರಬ್ಬರಿನ ಹಳೇ ಟೈಮರಾದರೆ ರಬ್ಬರ್ ಗಟ್ಟಿಯಾಗಿರುತ್ತದೆ, ಅದನ್ನು ಎಸೆಯಿರಿ.

ಹೊಸದು ತರುವುದಾದರೆ ಕಂಪನಿ ಹೆಸರಿಗಿಂತ ಮೂರು ಸಂಗತಿ ಕೇಳಿ: ಮೂರು ಮತ್ತು ನಾಲ್ಕು ವೈರ್ ಎರಡಕ್ಕೂ ಆಗುತ್ತದೆಯೇ, ಎಲ್‌ಇಡಿಗೆ ಎಷ್ಟು ವ್ಯಾಟ್ ಎಂದು ಬೇರೆಯಾಗಿ ಬರೆದಿದ್ದಾರೆಯೇ, ಬಟನ್ನಿನಲ್ಲಿ ಸಣ್ಣ ನಿಯಾನ್ ದೀಪ ಇದ್ದರೆ ಅಂಥ ಎಷ್ಟು ಬಟನ್ನುಗಳನ್ನು ಟೈಮರ್ ತಾಳಿಕೊಳ್ಳುತ್ತದೆ. ‘16 ಆಂಪ್’ ಎಂಬುದೊಂದನ್ನೇ ನೋಡಿ ಮೋಸ ಹೋಗಬೇಡಿ, ಅದು ಹಳೇ ಬಲ್ಬಿನ ಲೆಕ್ಕ. ಉದಾಹರಣೆಗೆ ಫೈಂಡರ್ ಕಂಪನಿಯ 14.01 ಟೈಮರ್ ಎರಡೂ ವೈರಿಂಗಿಗೆ ಆಗುತ್ತದೆ, 30 ಸೆಕೆಂಡಿನಿಂದ 20 ನಿಮಿಷದವರೆಗೆ ಹೊಂದಿಸಬಹುದು. ಮೂರು ನಿಮಿಷಕ್ಕಿಂತ ಕಡಿಮೆ ಇಡಬೇಡಿ, ಮೊಣಕಾಲು ನೋವಿನ ಅಜ್ಜಿ ನಡುಮೆಟ್ಟಿಲಲ್ಲೇ ಕತ್ತಲಲ್ಲಿ ನಿಲ್ಲಬೇಕಾಗುತ್ತದೆ. ಕಿಟ್‌ಕ್ಯಾಟ್ ತೆಗೆದು 6 ಆಂಪ್ ಎಂಸಿಬಿ (ಶಾರ್ಟ್ ಆದರೆ ತಾನೇ ಆಫ್ ಆಗುವ ಸ್ವಿಚ್) ಹಾಕಿಸುವುದು ಟೈಮರಿಗಿಂತ ಮೊದಲ ಕೆಲಸ. ಮೂರನ್ನು ನಾಲ್ಕು ವೈರ್ ಮಾಡಿಸಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ, ಹಳೇ ಪೈಪಿನಲ್ಲಿ ಜಾಗವೇ ಇರುವುದಿಲ್ಲ.

ಸೆನ್ಸರ್ ಬಲ್ಬ್ ನಮ್ಮೂರುಗಳಿಗಲ್ಲ. ಸಾಮಾನ್ಯವಾಗಿ ಸಿಗುವವು ಮೈಬಿಸಿಗೂ ಗೋಡೆಯ ಬಿಸಿಗೂ ಇರುವ ವ್ಯತ್ಯಾಸವನ್ನು ಹಿಡಿಯುವಂಥವು. ಮೇ ತಿಂಗಳ ಸಂಜೆ ರಾಯಚೂರಿನ ಗೋಡೆ 36-37 ಡಿಗ್ರಿಯಲ್ಲಿರುವಾಗ ಮನುಷ್ಯ ಎದುರು ನಿಂತರೂ ಅದಕ್ಕೆ ಕಾಣುವುದು ಕಷ್ಟ. ರಾಡಾರ್ ಮಾದರಿಗೆ ಈ ತೊಂದರೆ ಇಲ್ಲ, ಆದರೆ ಬಾಗಿಲಾಚೆ ಯಾರೋ ಓಡಾಡಿದರೂ ಹತ್ತುತ್ತದೆ.

ಬಿಲ್ಲಿಗಾಗಿ ಟೈಮರ್ ಎನ್ನುತ್ತಿದ್ದರೆ ಲೆಕ್ಕ ಹಾಕಿ ನೋಡಿ. 60 ವ್ಯಾಟಿನ ನಾಲ್ಕು ಬಲ್ಬ್ ರಾತ್ರಿ 12 ಗಂಟೆ ಉರಿದರೆ ತಿಂಗಳಿಗೆ 86 ಯೂನಿಟ್. 9 ವ್ಯಾಟಿನ ನಾಲ್ಕು ಎಲ್‌ಇಡಿಗೆ 13. ನಾನಂತೂ ಈಗ ಟೈಮರನ್ನು ಮೇಲಿನ ಎರಡು ಮಹಡಿಗೆ ಮಾತ್ರ ಬಿಟ್ಟು, ಕೆಳಗಿನವು ರಾತ್ರಿಯಿಡೀ ಉರಿಯಲಿ ಎಂದಿದ್ದೇನೆ. ನೀವು ಏನೇ ಹಾಕಿಸಿದರೂ ಬೋರ್ಡಿನ ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ‘ಮೂರು ವೈರ್. ಬಟನ್ನಿಗೆ ನ್ಯೂಟ್ರಲ್.’ ಅಥವಾ ನಿಮ್ಮದು ಏನಿದೆಯೋ ಅದು.