ಸ್ಕ್ಯಾನ್ ಯಂತ್ರದ ಭೌತಶಾಸ್ತ್ರ ಓದಲು ಯಾವ ದಾರಿ?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ಭೌತಶಾಸ್ತ್ರ, ಗಣಿತ ನನ್ನ ಮುಖ್ಯ ವಿಷಯಗಳು. ಸಿ.ಟಿ., ಎಂ.ಆರ್.ಐ. ಯಂತ್ರಗಳ ಹಿಂದಿನ ವಿಜ್ಞಾನ ಓದುವ ಆಸೆ. ‘ಹಾಗಾದರೆ ಈ ಪದವಿ ಬಿಟ್ಟು ಇಮೇಜಿಂಗ್ ಟೆಕ್ನಾಲಜಿಗೆ ಸೇರು’ ಎನ್ನುತ್ತಾರೆ ಮನೆಯವರು. ಏನು ಮಾಡಲಿ?

ಉತ್ತರ: ದಯವಿಟ್ಟು ಪದವಿ ಬಿಡಬೇಡಿ. ಇಮೇಜಿಂಗ್ ಟೆಕ್ನಾಲಜಿ ಗೌರವದ ಕೋರ್ಸ್. ರೋಗಿಯನ್ನು ಸರಿಯಾಗಿ ಮಲಗಿಸಿ, ಆದಷ್ಟು ಕಡಿಮೆ ವಿಕಿರಣದಲ್ಲಿ ಸ್ಪಷ್ಟ ಚಿತ್ರ ತೆಗೆಯುವ ಪರಿಣತಿ ಅಲ್ಲಿ ಸಿಗುತ್ತದೆ. ನಿಮ್ಮ ಕುತೂಹಲವಾದರೋ ಆ ಚಿತ್ರ ಮೂಡುವುದು ಹೇಗೆ ಎಂಬುದರಲ್ಲಿದೆ. ಅದಕ್ಕೆ ಬೇಕಾದ ಅಡಿಪಾಯ ಈಗ ನಿಮ್ಮ ಕೈಯಲ್ಲೇ ಇದೆ. ಮುಂದೆ ಮೆಡಿಕಲ್ ಫಿಸಿಸಿಸ್ಟ್ (ಆಸ್ಪತ್ರೆಯ ವಿಕಿರಣ ಯಂತ್ರಗಳ ಲೆಕ್ಕ, ಸುರಕ್ಷತೆ ನೋಡಿಕೊಳ್ಳುವ ಭೌತವಿಜ್ಞಾನಿ) ಆಗಬೇಕೆಂದರೂ, ವಿಕಿರಣ ಸುರಕ್ಷತೆಯ ನಿಯಮ ರೂಪಿಸುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಕೇಳುವುದು ಭೌತಶಾಸ್ತ್ರದ ಪದವಿಯನ್ನೇ.

ಒಂದು ಲೆಕ್ಕ ಮಾಡಿ ನೋಡಿ. ನಾಲ್ಕು ಮನೆಗಳ ಒಂದು ಚೌಕ ಬರೆಯಿರಿ. ಪ್ರತಿ ಮನೆಯಲ್ಲೂ ಒಂದು ಸಂಖ್ಯೆ ಅಡಗಿದೆ. ಅಡ್ಡಸಾಲುಗಳ ಮೊತ್ತ 12 ಮತ್ತು 8, ಕಂಬಸಾಲುಗಳ ಮೊತ್ತ 11 ಮತ್ತು 9. ಇಷ್ಟರಿಂದ ಸಂಖ್ಯೆಗಳನ್ನು ಖಚಿತವಾಗಿ ಹೇಳಲಾಗದು. ಹಲವು ಉತ್ತರಗಳು ಹೊಂದುತ್ತವೆ. ಎಡಮೇಲಿನಿಂದ ಬಲಕೆಳಕ್ಕೆ ಓರೆಯಾಗಿ ಕೂಡಿದರೆ 7 ಎಂದು ಗೊತ್ತಾದ ಕೂಡಲೇ ಗಂಟು ಬಿಚ್ಚುತ್ತದೆ: ಮೇಲೆ 5, 7; ಕೆಳಗೆ 6, 2. ಸಿ.ಟಿ. ಯಂತ್ರ ಮಾಡುವುದು ಇದನ್ನೇ. ಎಕ್ಸ್‌ರೇ ಕಿರಣ ದೇಹವನ್ನು ಹಾದುಹೋಗುವಾಗ ಅದರ ದಾರಿಯಲ್ಲಿ ಒಟ್ಟು ಎಷ್ಟು ಕ್ಷೀಣಿಸಿತು ಎಂಬ ಮೊತ್ತ ಮಾತ್ರ ನಮಗೆ ಸಿಗುತ್ತದೆ. ಬೇರೆ ಬೇರೆ ಕೋನಗಳ ಮೊತ್ತಗಳಿಂದ ಒಳಗಿನ ಒಂದೊಂದು ಬಿಂದುವನ್ನೂ ಲೆಕ್ಕ ಹಾಕಿ ತೆಗೆಯಬೇಕು. 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳಿನ ಸ್ಕ್ಯಾನ್ ನಡೆದಾಗ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಯಂತ್ರ 180 ಕೋನಗಳಲ್ಲಿ, ಕೋನಕ್ಕೆ 160ರಂತೆ 28,800 ಅಳತೆ ತೆಗೆದುಕೊಂಡು 80×80 ಮನೆಗಳ ಚಿತ್ರ ಕೊಟ್ಟಿತು. ಗಣಿತದ ದಾರಿಯನ್ನು ಮೊದಲೇ ಸ್ವತಂತ್ರವಾಗಿ ಕಂಡುಕೊಂಡಿದ್ದ ಅಲನ್ ಕಾರ್ಮ್ಯಾಕ್ ಭೌತವಿಜ್ಞಾನಿ. ಇಬ್ಬರಿಗೂ 1979ರಲ್ಲಿ ವೈದ್ಯಕೀಯ ನೊಬೆಲ್ ಬಂತು.

ಎಂ.ಆರ್.ಐ. ಕಥೆ ಇನ್ನೂ ಸೊಗಸು. 1.5 ಟೆಸ್ಲಾ ಕಾಂತಕ್ಷೇತ್ರದಲ್ಲಿ ನಮ್ಮ ದೇಹದ ನೀರಿನ ಪ್ರೋಟಾನ್‌ಗಳು ಸುಮಾರು 64 ಮೆಗಾಹರ್ಟ್ಸ್ ರೇಡಿಯೊ ಅಲೆಗೆ ಸ್ಪಂದಿಸುತ್ತವೆ. ಕ್ಷೇತ್ರವನ್ನು ಜಾಗದಿಂದ ಜಾಗಕ್ಕೆ ತುಸು ಬದಲಿಸಿದರೆ ಆವರ್ತನವೂ ಬದಲಾಗುತ್ತದೆ. ಸಂಕೇತ ಎಲ್ಲಿಂದ ಬಂತೆಂಬುದು ಹೀಗೆ ಆವರ್ತನದಲ್ಲೇ ಅಡಕವಾಗಿರುತ್ತದೆ. ಅದನ್ನು ಬಿಡಿಸಿ ಚಿತ್ರವಾಗಿಸುವುದು ಫೂರಿಯೆ ಪರಿವರ್ತನೆ, ಅಂದರೆ ಬೆರೆತ ಅಲೆಯನ್ನು ಆವರ್ತನವಾರು ಬೇರ್ಪಡಿಸುವ ಗಣಿತ. ಪರೀಕ್ಷೆಗಷ್ಟೇ ಎಂದುಕೊಂಡು ಬಹಳ ಮಂದಿ ಉರುಹೊಡೆಯುವ ಆ ಅಧ್ಯಾಯವನ್ನು ನೀವು ಪ್ರೀತಿಯಿಂದ ಓದಬೇಕು. ಅದರ ಜತೆಗೆ ಮ್ಯಾಟ್ರಿಕ್ಸ್, ಸಂಭವನೀಯತೆ, ಪರಮಾಣು ಭೌತಶಾಸ್ತ್ರ ಕಲಿಯಿರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಂದೇ ಶುರು ಮಾಡಿ. ಸೈಕಿಟ್-ಇಮೇಜ್ ಎಂಬ ಉಚಿತ ತಂತ್ರಾಂಶದಲ್ಲಿ ಶೆಪ್-ಲೋಗನ್ ಎಂಬ ಕೃತಕ ತಲೆಯ ಚಿತ್ರವಿದೆ. ಅದರ ಮೊತ್ತಗಳನ್ನು ತೆಗೆದು ಮತ್ತೆ ಚಿತ್ರ ಕಟ್ಟಿ ನೋಡಿ. ಕೋನಗಳನ್ನು ಹತ್ತಕ್ಕೆ ಇಳಿಸಿದರೆ ಚಿತ್ರದ ತುಂಬ ಗೆರೆಗಳು ಎದ್ದು ನಿಲ್ಲುತ್ತವೆ. ಏಕೆ ಎಂದು ಯೋಚಿಸಿದಾಗ ಈ ವಿಷಯ ನಿಮ್ಮದಾಗುತ್ತದೆ.

ಪದವಿಯ ನಂತರ ಮೆಡಿಕಲ್ ಅಥವಾ ರೇಡಿಯೇಷನ್ ಫಿಸಿಕ್ಸ್ ಎಂ.ಎಸ್ಸಿ. ಮಾಡಬಹುದು, ಮಣಿಪಾಲದಲ್ಲೂ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲೂ ಇದೆ. ಇಲ್ಲವೇ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಒಂದು ವರ್ಷದ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾಕ್ಕೆ ಸೇರಬಹುದು. ನನ್ನನ್ನು ಕೇಳಿದರೆ ಎರಡನೆಯದೇ ಮೇಲು. ಎಂ.ಎಸ್ಸಿ. ಮುಗಿಯುವಾಗ ಮನಸ್ಸು ಬದಲಾದರೂ ಬೇರೆ ಬಾಗಿಲುಗಳು ತೆರೆದೇ ಇರುತ್ತವೆ.

ಒಂದು ಮಾತು ಮೊದಲೇ ತಿಳಿದಿರಲಿ. ನಮ್ಮ ಆಸ್ಪತ್ರೆಗಳಲ್ಲಿ ಮೆಡಿಕಲ್ ಫಿಸಿಸಿಸ್ಟ್ ಹುದ್ದೆಗಳು ಹೆಚ್ಚಾಗಿ ಇರುವುದು ಕ್ಯಾನ್ಸರಿನ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ. ಇಮೇಜಿಂಗನ್ನೇ ನೆಚ್ಚಿಕೊಂಡವರು ಪಿಎಚ್.ಡಿ. ಕಡೆಗೆ ಅಥವಾ ಯಂತ್ರ ತಯಾರಿಸುವ ಕಂಪನಿಗಳ ಕಡೆಗೆ ನೋಡಬೇಕು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿದೆ, ಜಿ.ಇ., ಸೀಮೆನ್ಸ್, ಫಿಲಿಪ್ಸ್ ಕಂಪನಿಗಳ ತಾಂತ್ರಿಕ ಕೇಂದ್ರಗಳೂ ಇವೆ.

ಪ್ರಶ್ನೆ: ಮಗಳು ಮೆಡಿಕಲ್ ಫಿಸಿಕ್ಸ್ ಓದುತ್ತೇನೆ ಎನ್ನುತ್ತಿದ್ದಾಳೆ. ಜೀವನಪೂರ್ತಿ ವಿಕಿರಣದ ನಡುವೆ ಕೆಲಸ ಮಾಡಿದರೆ ಆರೋಗ್ಯ ಏನಾದೀತು? (ತಂದೆ, ಹಾಸನ)

ಉತ್ತರ: ನಿಮ್ಮ ಆತಂಕ ಸಹಜ. ಎಂ.ಆರ್.ಐ. ಮತ್ತು ಅಲ್ಟ್ರಾಸೌಂಡ್‌ನಲ್ಲಿ ಎಕ್ಸ್‌ರೇಯಂಥ ವಿಕಿರಣವೇ ಇಲ್ಲ. ಉಳಿದೆಡೆ ಕೆಲಸ ಮಾಡುವವರಿಗೆ ಕಾನೂನಿನ ಮಿತಿಯಿದೆ: ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ), ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಎಲ್ಲರೂ ಎದೆಯ ಮೇಲೆ, ತಾಗಿದ ವಿಕಿರಣವನ್ನು ದಾಖಲಿಸುವ ಟಿ.ಎಲ್.ಡಿ. ಬ್ಯಾಡ್ಜ್ ಧರಿಸುತ್ತಾರೆ, ಮೂರು ತಿಂಗಳಿಗೊಮ್ಮೆ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ ಅಳೆಸಲಾಗುತ್ತದೆ. ಯಂತ್ರವಿರುವ ಕೋಣೆಯ ಗೋಡೆ ಎಷ್ಟು ದಪ್ಪವಿರಬೇಕು, ಬ್ಯಾಡ್ಜ್‌ನ ಅಂಕಿ ಏರಿದರೆ ಕಾರಣವೇನು ಎಂದು ಲೆಕ್ಕ ಹಾಕುವುದು ನಿಮ್ಮ ಮಗಳು ಕಲಿಯಲಿರುವ ಕೆಲಸದಲ್ಲೇ ಸೇರಿದೆ.