ಎಸ್ಸೆಸ್ಸೆಲ್ಸಿ ಮುಗಿಸಿದ ಮಗನನ್ನು ಅಂಗಡಿಗೆ ಕಳುಹಿಸಲೇ?

ಪ್ರಶ್ನೆ: ಮಾಸ್ತರರಿಗೆ ನಮಸ್ಕಾರ. ನನ್ನ ಮಗನಿಗೆ ಹದಿನಾರು ವರ್ಷ. ಕನ್ನಡ ಮಾಧ್ಯಮದಲ್ಲಿ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿದ್ದಾನೆ. ಪ್ಲಸ್ ವನ್‌ನಲ್ಲಿ ಅಂದರೆ ಹನ್ನೊಂದನೆಯ ತರಗತಿಯಲ್ಲಿ ಹ್ಯುಮಾನಿಟೀಸ್ (ಕಲಾ ವಿಭಾಗ) ಸೀಟು ಸಿಕ್ಕಿದೆ. ಆದರೆ ‘ಇಂಗ್ಲಿಷ್ ಪುಸ್ತಕ ನನ್ನಿಂದಾಗದು’ ಎಂದು ಹಟ ಹಿಡಿದಿದ್ದಾನೆ. ಮಂಗಳೂರಿನಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟಿರುವ ನನ್ನ ಅಣ್ಣ, ‘ನನ್ನ ಹತ್ತಿರ ಬಿಡು, ಕೆಲಸ ಕಲಿಸುತ್ತೇನೆ’ ಎನ್ನುತ್ತಾನೆ. ಮಗನಿಗೂ ಆಸೆ. ತೋಟದ ಪಂಪು ಕೆಟ್ಟರೆ ಬಿಚ್ಚಿ ನೋಡುವವನು ಅವನೇ. ಕಳುಹಿಸಲೇ?
– ಒಬ್ಬ ತಾಯಿ, ಪೆರ್ಲ (ಕೇರಳದ ಕಾಸರಗೋಡು ಜಿಲ್ಲೆ)

ಉತ್ತರ: ತಾಯೀ, ಈಗ ಕಳುಹಿಸಬೇಡಿ. ಹಾಗೆಂದು ಅವನನ್ನು ಪ್ಲಸ್ ವನ್ನಿಗೆ ಎಳೆದುಕೊಂಡು ಹೋಗಿ ಕೂರಿಸಲೂ ಬೇಡಿ. ಅವನ ಭಯ ಸೋಮಾರಿತನವಲ್ಲ. ಹತ್ತರವರೆಗೆ ವಿಜ್ಞಾನ, ಸಮಾಜ ಎಲ್ಲವನ್ನೂ ಕನ್ನಡದಲ್ಲೇ ಓದಿದ ನಮ್ಮ ಮಕ್ಕಳಿಗೆ ಅಲ್ಲಿ ಕನ್ನಡ ಉಳಿಯುವುದು ಎರಡನೆಯ ಭಾಷೆಯಾಗಿ ಮಾತ್ರ. ಮಿಕ್ಕ ಪುಸ್ತಕಗಳು ಇಂಗ್ಲಿಷಿನಲ್ಲಿ, ವಿವರಣೆ ಹೆಚ್ಚಾಗಿ ಮಲಯಾಳದಲ್ಲಿ. ಇಷ್ಟವಿರುವವರು ಇದನ್ನು ಹೇಗೋ ದಾಟುತ್ತಾರೆ. ಇಷ್ಟವಿಲ್ಲದ ವಿಷಯಕ್ಕಾಗಿ ಈ ಪಾಡು ಯಾಕೆ?

ಅಂಗಡಿಯ ವಿಚಾರಕ್ಕೆ ಬರುತ್ತೇನೆ. ನಿಮ್ಮ ಅಣ್ಣನ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಅಂಗಡಿ ಕಲಿಸುವುದು ವ್ಯಾಪಾರವನ್ನು. ಅಟ್ಟದಿಂದ ವಯರಿನ ಸುರುಳಿ ಇಳಿಸುವುದು, ಗಿರಾಕಿ ಕೇಳಿದ ಸ್ವಿಚ್ಚು ಹುಡುಕಿ ಕೊಡುವುದು, ಬಿಲ್ಲು ಬರೆಯುವುದು. ಎರಡು ವರ್ಷದಲ್ಲಿ ಅವನಿಗೆ ಎಲ್ಲದರ ಬೆಲೆ ಬಾಯಿಪಾಠವಾದೀತು. ವೋಲ್ಟೇಜ್ ಇಳಿದಾಗ ತೋಟದ ಮೋಟಾರು ಯಾಕೆ ಸುಡುತ್ತದೆ ಎಂಬುದನ್ನು ಅಲ್ಲಿ ಯಾರೂ ಕೂತು ಹೇಳಿಕೊಡುವುದಿಲ್ಲ.

ಕಾನೂನೂ ಇದೆ. ಅಂಗಡಿಗಳಲ್ಲಿ ದುಡಿಯುವ 14ರಿಂದ 18 ವರ್ಷದೊಳಗಿನವರನ್ನು ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ವಿರಾಮವೂ ಸೇರಿ ದಿನಕ್ಕೆ ಆರು ಗಂಟೆ ಮೀರಬಾರದು, ವಾರಕ್ಕೊಂದು ರಜೆ ಕೊಡಲೇಬೇಕು. ಮಂಗಳೂರಿನ ಯಾವ ಅಂಗಡಿಯವರು ಏಳು ಗಂಟೆಗೆ ಹುಡುಗನನ್ನು ಬಿಟ್ಟುಕೊಡುತ್ತಾರೆ? 2009ರ ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯ 14ನೇ ವಯಸ್ಸಿಗೇ ಮುಗಿಯುತ್ತದೆ. ಎಸ್ಸೆಸ್ಸೆಲ್ಸಿ ಮುಗಿದು ಟಿ.ಸಿ. ಕೈಗೆ ಬಂದ ಮೇಲೆ ಹುಡುಗ ಎಲ್ಲಿದ್ದಾನೆಂದು ಯಾವ ಶಾಲೆಯೂ ಕೇಳುವುದಿಲ್ಲ. ಆದ್ದರಿಂದಲೇ ಹದಿನೆಂಟು ತುಂಬುವವರೆಗೆ ಅವನಿಗೆ ಕಲಿಸುವುದು ಯಾರದಾದರೂ ಹೊಣೆಯಾಗಿರುವ ಜಾಗದಲ್ಲಿ ಅವನಿರಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಪಂಪು ಬಿಚ್ಚುವ ಕೈಗೆ ಐಟಿಐ (ಕೈಗಾರಿಕಾ ತರಬೇತಿ ಸಂಸ್ಥೆ) ಇದೆ. ಎಲೆಕ್ಟ್ರಿಷಿಯನ್ ಟ್ರೇಡ್ (ಕಸುಬಿನ ಕೋರ್ಸು) ಎರಡು ವರ್ಷದ್ದು, ಹತ್ತು ಪಾಸಾಗಿದ್ದರೆ ಸಾಕು. ಕಾಸರಗೋಡಿನ ಸರಕಾರಿ ಐಟಿಐಗೆ ಮಗನನ್ನು ಕರೆದುಕೊಂಡು ಹೋಗಿ ವರ್ಕ್‌ಶಾಪ್ ತೋರಿಸಿ. ಅಲ್ಲಿಯೂ ಪುಸ್ತಕ ಇಂಗ್ಲಿಷಿನದು, ಮಾತು ಮಲಯಾಳದ್ದು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು, ಸುತ್ತು ಎಣಿಸಿ, ಗೇಜು ಅಳೆದು, ಅದೇ ಲೆಕ್ಕಕ್ಕೆ ಹೊಸ ತಂತಿ ಸುತ್ತುವಾಗ ಪಾಠ ಕಣ್ಣೆದುರೇ ಇರುತ್ತದೆ. ನನ್ನ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುತ್ತಿದ್ದ ಹುಡುಗನೊಬ್ಬ ಇದೇ ದಾರಿಯಲ್ಲಿ ಹೋದ. ಈಗ ಅಡಿಕೆ ತೋಟದವರು ಬೇಸಿಗೆಯಲ್ಲಿ ಅವನ ವೈಂಡಿಂಗ್ ಅಂಗಡಿಯ ಮುಂದೆ ಮೋಟಾರು ಇಳಿಸಿ ಕಾಯುತ್ತಾರೆ.

ಐಟಿಐ ಸೇರಿದರೆ ಓದು ನಿಂತುಹೋಯಿತು ಎಂದು ನೆಂಟರು ಹೇಳಿಯಾರು. ಹಾಗಿಲ್ಲ. ಎರಡು ವರ್ಷದ ಟ್ರೇಡ್ ಮುಗಿಸಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹನ್ನೆರಡನೆಯ ತರಗತಿಗೆ ಸಮಾನವಾದ ಪ್ರಮಾಣಪತ್ರ ಪಡೆಯಲು ದಾರಿಯಿದೆ. ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರ ಪ್ರವೇಶವೂ ಉಂಟು. ಪ್ಲಸ್ ಟು ಮತ್ತು ಕಸುಬು ಒಟ್ಟಿಗೇ ಬೇಕೆಂದರೆ ವೊಕೇಷನಲ್ ಹೈಯರ್ ಸೆಕೆಂಡರಿ ಇದೆ. ಆದರೆ ಅದರಲ್ಲಿ ಇಂಗ್ಲಿಷ್ ಪುಸ್ತಕದ ಭಾರ ಕಡಿಮೆಯೇನಲ್ಲ, ನಿಮ್ಮ ಮಗನಿಗೆ ನಾನು ಅದನ್ನು ಮೊದಲು ಹೇಳುವುದಿಲ್ಲ.

ಐಟಿಐ ಸೀಟು ಖಚಿತವಾಗುವವರೆಗೆ ಪ್ಲಸ್ ವನ್ ಸೀಟು ಬಿಡಬೇಡಿ. ಅರ್ಜಿಯನ್ನು ಅವನೇ ತುಂಬಲಿ.

ಅಣ್ಣನಿಗೆ ಹೀಗೆ ಹೇಳಿ: ಟ್ರೇಡ್ ಮುಗಿದ ಮೇಲೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಮಾಡಬಹುದು. 1961ರ ಅಪ್ರೆಂಟಿಸ್ ಕಾಯ್ದೆಯಂತೆ ಅದಕ್ಕೆ ಬರೆದ ಒಪ್ಪಂದವಿರುತ್ತದೆ, ತಿಂಗಳ ಸ್ಟೈಪೆಂಡ್ ಇರುತ್ತದೆ. ಅಣ್ಣನಿಗೆ ಸಾಮಾನು ಕೊಳ್ಳುವ ಮೋಟಾರು ರಿಪೇರಿ ಕಂಪನಿಗಳ, ಕಂಟ್ರಾಕ್ಟರುಗಳ ಪರಿಚಯವಿರಬೇಕು. ಆಗ ಅಳಿಯನನ್ನು ಅಂಥಲ್ಲಿಗೆ ಸೇರಿಸಿ, ಉಳಿಯಲು ತನ್ನ ಮನೆಯಲ್ಲಿ ಜಾಗ ಕೊಡಲಿ.